ಪಟ್ಟಿ ಕಟ್ಟದೆ ತೆಗೆದ ರಕ್ತ

ಜೂನ್ 3, ಸಂಜೆ

ಎಮರ್ಜೆನ್ಸಿ ಲ್ಯಾಬ್‌ನಲ್ಲಿ ಇಂದೂ ಅದೇ ಪಾಡು. ಸೋಂಕಿನ ಅನುಮಾನವಿರುವ ಎಲ್ಲರಿಂದಲೂ ಒಂದು ಟ್ಯೂಬ್ ರಕ್ತ ಹೆಚ್ಚಿಗೆ ತೆಗೆಯಬೇಕು — ಅದರಲ್ಲಿನ ಲ್ಯಾಕ್ಟೇಟ್ ಎಂಬ ಆಮ್ಲದಂಶ ನೋಡಲು. ಅದು ಏರಿದ್ದರೆ, ರೋಗಿ ನಗುತ್ತಾ ಕೂತಿದ್ದರೂ ಸೋಂಕಿಗೆ ಅಂಗಾಂಗಗಳೇ ಸೋಲುವ ಸೆಪ್ಸಿಸ್‌ನ ಹೊಸ್ತಿಲಲ್ಲೇ ನಿಂತಿರಬಹುದು. ಹೊಸ ಪದ್ಧತಿ, ಎಲ್ಲರದೂ ಗೊಣಗಾಟ. ಮನೆಯಲ್ಲಿ ಅತ್ತೆಗಂತೂ ನಾನು ತಿಗಣೆ. "ಬಂತಪ್ಪಾ, ಊರವರ ರಕ್ತ ಹೀರ್ಕೊಂಡು!" ಚಪ್ಪಲಿ ಬಿಡುವ ಮೊದಲೇ ಈ ಸ್ವಾಗತ.

ಜೂನ್ 9, ಮಧ್ಯಾಹ್ನ

ಅತ್ತೆಯೇ ಎಮರ್ಜೆನ್ಸಿಗೆ ಬಂದಿದ್ದಾರೆ. ಉರಿಮೂತ್ರ, ಚಳಿ. ಜ್ವರವಿಲ್ಲ, ಬಿಪಿ ಸರಿ. ಬಾಯಿ ಇನ್ನೂ ಸರಿ — "ಮಾತ್ರೆ ಕೊಡಿ, ಹೋಗ್ತೀನಿ. ಬಟ್ಟೆ ನೆನೆಹಾಕಿ ಬಂದಿದೀನಿ."

ಟ್ಯೂಬ್ ಹಿಡಿದು ಹೋದೆ. "ಕೊನೆಗೂ ನನ್ನ ಬುಡಕ್ಕೇ ಬಂದ್ಯಾ?" ನರ ಸಿಗಲಿಲ್ಲ. ರಬ್ಬರ್ ಪಟ್ಟಿ ಬಿಗಿದು, ತಡಕಿ ತಡಕಿ...

ಲ್ಯಾಕ್ಟೇಟ್ 4.6. ಎರಡು ದಾಟಿದರೇ ಯೋಚನೆ.

ಸಂಖ್ಯೆಯನ್ನು ಇನ್ನೊಮ್ಮೆ ಓದಿದೆ. ಆಮೇಲೆ ಒಂದು ಆಸೆ — ಪಟ್ಟಿ ಬಹಳ ಹೊತ್ತು ಬಿಗಿದರೆ ಸುಮ್ಮಸುಮ್ಮನೆ ಏರುವುದೂ ಉಂಟು. ನನ್ನ ತಪ್ಪೇ ಆಗಿರಲಿ ದೇವರೇ! ಕೆಲಸ ಕೆಟ್ಟಿರಲಿ ಎಂದು ಬೇಡಿಕೊಂಡದ್ದು ಇದೇ ಮೊದಲು.

ಡ್ಯೂಟಿ ಡಾಕ್ಟರಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. "ಪಟ್ಟಿ ಕಟ್ದೆ ಇನ್ನೊಂದ್ಸಲ ತೆಗೀರಿ. ಅಲ್ಲೀವರೆಗೂ ಮನೆಗೆ ಕಳ್ಸಲ್ಲ," ಎಂದರು.

ಮತ್ತೆ ಸೂಜಿ. ಈ ಸಲ ಅತ್ತೆ ಬೈಯಲಿಲ್ಲ, ತಾವಾಗಿಯೇ ಕೈ ಚಾಚಿದರು. ಅದಕ್ಕೇ ಹೆಚ್ಚು ಹೆದರಿಕೆಯಾಯಿತು.

4.9.

ಡಾಕ್ಟರ್ ಕೂಡಲೇ ಆಂಟಿಬಯೋಟಿಕ್, ಡ್ರಿಪ್ ಶುರು ಮಾಡಿಸಿದರು.

ಅದೇ ದಿನ, ಸಂಜೆ

ಬಿಪಿ ಕುಸಿದಿದೆ. ಐಸಿಯು. ಔಷಧಿ ಆಗಲೇ ಒಳಗೆ ಹೋಗಿದೆ... ಅದೊಂದೇ ಧೈರ್ಯ. ಯಜಮಾನರು ಬಕೆಟ್ಟಿನ ಬಟ್ಟೆ ಒಗೆದು ಹರವಿ ಬಂದರು. "ಅಮ್ಮ ಬಂದು ಬೈಬಾರ್ದಲ್ಲ." ಇಬ್ಬರಿಗೂ ಅಳು ತಡೆಯಲಾಗಲಿಲ್ಲ.

ಜೂನ್ 15

ವಾರ್ಡಿಗೆ ಬಂದರು. ಲ್ಯಾಕ್ಟೇಟ್ ಇಳಿದಿದೆ. ಡಾಕ್ಟರಿಗೆ ಕೈ ಮುಗಿದೆ. "ಆ ಟ್ಯೂಬ್ ಇಲ್ದಿದ್ರೆ ಮಾತ್ರೆ ಬರೆದು ಕಳ್ಸೇಬಿಡ್ತಿದ್ದೆ ಕಣ್ರೀ," ಎಂದರು. ಆ ಮನುಷ್ಯ ತಣ್ಣಗಿರಲಿ. ಎಲ್ಲರೂ ಗೊಣಗಿದ ಆ ಟ್ಯೂಬೂ ತಣ್ಣಗಿರಲಿ.

ಜೂನ್ 17, ಬೆಳಿಗ್ಗೆ

ವಾರ್ಡಿನಿಂದ ಫೋನ್. ರಕ್ತ ತೆಗೆಯಲು ಬೇರೆಯವಳು ಹೋದರೆ ಅತ್ತೆ ಕೈಯನ್ನು ಹೊದಿಕೆಯೊಳಗೆ ಬಚ್ಚಿಟ್ಟುಕೊಂಡಿದ್ದಾರಂತೆ. "ನಮ್ಮನೆ ತಿಗಣೆ ಬರ್ಲಿ. ಬೇರೆಯವ್ರಿಗೆ ಒಂದು ತೊಟ್ಟೂ ಕೊಡಲ್ಲ!"

ಹೊರಟೆ. ಕಣ್ಣು ಮಂಜಾಗದೆ, ಆ ನರ ಒಂದು ಕಾಣಿಸಿಬಿಟ್ಟರೆ ಸಾಕು...