ಲ್ಯಾಪ್‌ಟಾಪಿಗೆ ತೊಡಿಸಿದ ಅಂಗಿ

ಪ್ರಮಿತಾ,

ಮಲಗಿದ್ದೀಯ, ಎಬ್ಬಿಸಲಿಲ್ಲ. ನಿನ್ನೆ ಕರೆಂಟ್ ಹೋಗಿ ಬಂದಾಗ ಸುಟ್ಟುಹೋದ ನಿನ್ನ ಕೋಣೆಯ ಫ್ಯಾನನ್ನು ರಿಪೇರಿಗೆ ಕೊಡಲು ಸೇಡಂಗೆ ಹೋಗುತ್ತಿದ್ದೇನೆ. ರೊಟ್ಟಿ, ಪುಂಡಿಪಲ್ಯ ಕೈಗೆ ಸಿಗುವಲ್ಲಿ ಇಟ್ಟಿದ್ದೇನೆ. ಪ್ಲಾಸ್ಟರ್ ಹಾಕಿದ ಕಾಲು ಊರಬೇಡ.

ನಿನ್ನ ಲ್ಯಾಪ್‌ಟಾಪ್ ಕೆಟ್ಟಿಲ್ಲ. "ಅವ್ವಾ, ಆಟದಾಗ ಗಾಡಿ ನಿಂತ್ ನಿಂತ್ ಓಡ್ಲಿಕತ್ತದ. ಇಪ್ಪತ್ತು ದಿನದಿಂದ ಈ ಖೋಲ್ಯಾಗ ನನಗ ಇದೊಂದೇ ಇತ್ತು, ಇದೂ ಹೋಯ್ತು" ಅಂತ ನಿನ್ನೆ ನೀನು ಅತ್ತದ್ದು ನನಗೆ ತಡೆಯಲಾಗಲಿಲ್ಲ. ಬೆಳಿಗ್ಗೆ ವಿಠ್ಠಲ್ ಮಾಮಾಗೆ ಫೋನ್ ಮಾಡಿದೆ. "ಅಕ್ಕಾ, ಸ್ವಲ್ಪ ಹೊತ್ತು ಆಟ ಚಾಲೂ ಇಟ್ಟು ಅದರ ಕೆಳಗ ಕೈ ಹಚ್ಚಿ ನೋಡು" ಅಂದ. ಹಂಚಿನಂತೆ ಕಾದಿತ್ತು. ಅದಕ್ಕೆ ನಾನು ಹೊಲಿದು ಹಾಕಿದ ಬಟ್ಟೆಯ ಹೊದಿಕೆಯ ವಿಷಯ ಹೇಳಿದೆ. "ಅದಕ್ಕ ಅಂಗಿ ತೊಡಿಸೀಯೇನು? ಬಿಸಿಗಾಳಿ ಹ್ಯಾಂಗ ಹೊರಗ ಬರಬೇಕು? ಕಾದ್ರ ಅದು ತಾನೇ ನಿಧಾನ ಆಗ್ತದ" ಅಂತ ನಕ್ಕ.

ಸಿಮೆಂಟ್ ಫ್ಯಾಕ್ಟರಿಯ ಧೂಳು ಕೂರದಿರಲಿ ಅಂತ ಟಿವಿಗೆ, ಮಿಕ್ಸಿಗೆ ಹೊಲಿದ ಹಾಗೆ ಇದಕ್ಕೂ ಹೊಲಿದವಳು ನಾನೇ. ಫ್ಯಾನ್ ಇರುವವರೆಗೆ ಹೇಗೋ ನಡೆದಿತ್ತು. ಈಗ ಹೊಲಿಗೆ ಬಿಚ್ಚಿದ್ದೇನೆ.

ಕುಕ್ಕರ್ ಕೂಗಿತು, ಇಳಿಸಿ ಬಂದೆ.

ಲ್ಯಾಪ್‌ಟಾಪನ್ನು ಹಾಸಿಗೆಯ ಮೇಲಿಡಬೇಡ, ಊಟದ ಮಣೆ ತಂದಿಟ್ಟಿದ್ದೇನೆ, ಅದರ ಮೇಲಿಡು. ಚಾರ್ಜರಿನ ವೈರ್ ಹಚ್ಚಿಯೇ ಆಡು. ಒಂದು ಸುತ್ತು ನಾನೇ ಓಡಿಸಿ ನೋಡಿದೆ, ಗಾಡಿ ಎಲ್ಲೂ ನಿಲ್ಲಲಿಲ್ಲ. ಗೋಡೆಗೆ ಬಡಿದದ್ದು ಅದರ ತಪ್ಪಲ್ಲ, ನನ್ನದು.

ಮಂಚದ ಪಕ್ಕದ ಕಿಟಕಿಯ ಚಿಲಕವನ್ನೂ ತೆಗೆದಿದ್ದೇನೆ. ಮೊದಲ ದಿನದಿಂದ ನೀನು ಕೇಳುತ್ತಿದ್ದದ್ದು ಅದನ್ನೇ, ಬೇಡ ಅನ್ನುತ್ತಿದ್ದವಳು ನಾನು. ಕೈ ಚಾಚಿ ತಳ್ಳು, ತೆರೆಯುತ್ತದೆ. ಧೂಳು ಬಂದರೆ ಬರಲಿ, ಸಂಜೆ ಬಂದು ಒರೆಸುತ್ತೇನೆ.

ಅವ್ವ