ಉದ್ದ ಲೆನ್ಸಿನ ಭಾರ

ನಮ್ಮ ಯಜಮಾನರಿಗೆ,

ಹಾಸನದ ಆ ಕ್ಯಾಮೆರಾ ಅಂಗಡಿ ನೆನಪಿದೆಯಾ? ನಮಗೆ ಮದುವೆಯಾದ ಹೊಸತು. ಡ್ರಾಯಿಂಗ್ ಮೇಷ್ಟ್ರಿಗೆ ಕ್ಯಾಮೆರಾ ಯಾಕೆ ಅಂತ ಅರಸೀಕೆರೆಯೆಲ್ಲ ಕೇಳಿದರೂ ನೀವು ಜಗ್ಗಿರಲಿಲ್ಲ. ಅಂಗಡಿಯವನು ಎರಡು ಲೆನ್ಸ್ ಮುಂದಿಟ್ಟ. ಒಂದು ಗಿಡ್ಡ, ಒಂದು ದೂರದ್ದನ್ನು ಹತ್ತಿರಕ್ಕೆ ತರುವ ಉದ್ದದ್ದು. ಎರಡರಲ್ಲಿ ಒಂದನ್ನು ಆರಿಸಬೇಕಿತ್ತು. ನಿಮ್ಮ ಕೈ ನೇರ ಉದ್ದದ್ದಕ್ಕೇ ಹೋಯಿತು. ಬಸ್ಸಿನಲ್ಲಿ ಹೊರುವವಳು ನಾನೇ ಅಲ್ಲವೇ, ಅದಕ್ಕೇ ಆ ಲೆನ್ಸ್ ಸಿಕ್ಕಿಸಿ ಕ್ಯಾಮೆರಾವನ್ನು ನನ್ನ ಕೊರಳಿಗೆ ಹಾಕಿ ನೋಡಿದಿರಿ.

“ಅಯ್ಯೋ, ರುಬ್ಬೋ ಗುಂಡು ಕಟ್ಟಿದಂಗೈತೆ ಕಣ್ರೀ!” ಅಂದೆ. ಅಂಗಡಿಯವನೂ ನಕ್ಕ. ನೀವು ಮರುಮಾತಾಡದೆ ಉದ್ದದ್ದನ್ನು ಬಿಚ್ಚಿಟ್ಟು ಗಿಡ್ಡದ್ದನ್ನು ಕಟ್ಟಿಸಿಕೊಂಡಿರಿ. ಎಂಥ ಒಳ್ಳೆಯ ಗಂಡ ಅಂತ ದಾರಿಯುದ್ದಕ್ಕೂ ಬೀಗಿದ್ದೆ ನಾನು.

ಭಾನುವಾರ ಬಂತೆಂದರೆ ಜಾವಗಲ್ ಮೇಲೆ ಹೋಗುವ ಬಸ್ಸು ಹತ್ತುತ್ತಿದ್ದೆವು. ಹಳೇಬೀಡಿಗೆ ಆ ಗಿಡ್ಡ ಲೆನ್ಸೇ ಸಾಕಿತ್ತು, ಗೋಡೆಯ ಆನೆ ಕುದುರೆಗಳೆಲ್ಲ ಕೈಗೆಟುಕುವಲ್ಲೇ ಇವೆ. ಪಕ್ಕದ ಬಸ್ತಿಹಳ್ಳಿಯ ಬಸದಿಯಲ್ಲಿ, ಕನ್ನಡಿಯಂತೆ ಹೊಳೆಯುವ ಕಂಬದೊಳಗೆ ಮೂಡಿದ ನನ್ನ ಮುಖವನ್ನು ನೀವು ತೆಗೆದ ಫೋಟೋ ಈಗಲೂ ನಡುಮನೆಯಲ್ಲಿದೆ. ತಕರಾರಿದ್ದದ್ದು ಬೇಲೂರಿನಲ್ಲಿ. ಮದನಿಕೆಯರು ಸೂರಿನ ಕೆಳಗೆ, ಅಷ್ಟೆತ್ತರದಲ್ಲಿ. ಒಬ್ಬಳ ತಲೆಯ ಮೇಲಿನ ಕೆತ್ತನೆಯಲ್ಲಿ ನೊಣಕ್ಕೆ ಹೊಂಚು ಹಾಕಿದ ಹಲ್ಲಿ ಇದೆ ಅಂತ ಗೈಡು ಹೇಳಿದ್ದೇ ತಡ, ನಿಮಗೆ ಅದರದ್ದೇ ಹುಚ್ಚು. ಕಲ್ಲಿನಲ್ಲಿ ಎಷ್ಟು ಸಣ್ಣದನ್ನು ಕಡೆಯಬಹುದು ಅಂತ ಸ್ಕೂಲಿನ ಮಕ್ಕಳಿಗೆ ತೋರಿಸಬೇಕಿತ್ತಲ್ಲ! ಹೋದಾಗಲೆಲ್ಲ ಕತ್ತೆತ್ತಿ ಕ್ಲಿಕ್ಕಿಸಿದಿರಿ. ಪ್ರಿಂಟು ಹಾಕಿಸಿ ತಂದರೆ ಮದನಿಕೆಯೇ ಹೆಬ್ಬೆರಳುದ್ದ. ಮುಂದಿನ ಸಲ ಮತ್ತೆ ಸೂರಿನ ಕೆಳಗೆ ನಿಂತಿರಿ, ನಾನು ರೇಗಿದೆ.

“ಹಲ್ಲೀನೂ ಇಲ್ಲ, ನೊಣಾನೂ ಇಲ್ಲ. ಆ ಗೈಡು ಮಂಕುಬೂದಿ ಎರಚ್ತಾನೆ, ನೀವು ನಂಬ್ತೀರಿ. ಬನ್ರೀ, ಬಸ್ಸು ಹೊಂಟೋಯ್ತದೆ!”

“ಐತೆ ಕಣೇ. ನಮ್ಮ ಲೆನ್ಸಿಗೆ ಕಾಣಲ್ಲ, ಅಷ್ಟೆ.”

ಆ ಮಾತಿನಲ್ಲಿ ಹಾಸನದ ಅಂಗಡಿ ಇತ್ತು ಅಂತ ನನಗೆ ಆಗ ಹೊಳೆಯಲೇ ಇಲ್ಲ. ನಿನ್ನಿಂದಲೇ ಹೀಗಾಯ್ತು ಅಂತ ಒಂದು ಸಲವಾದರೂ ಬೈಯಬಾರದಿತ್ತೇ? ಜಗಳವಾಡಿಯಾದರೂ ಹಗುರಾಗುತ್ತಿದ್ದೆ. ನೀವು ಸುಮ್ಮನಿದ್ದು ಎಲ್ಲವನ್ನೂ ನನ್ನ ತಲೆಗೆ ಕಟ್ಟಿ ಹೋದಿರಿ...

ಮಳೆಗಾಲದಲ್ಲಿ ಕ್ಯಾಮೆರಾಗೆ ನಡೆಯುತ್ತಿದ್ದ ಉಪಚಾರ ನನಗೆ ನಡೆದದ್ದಿಲ್ಲ. ಚರ್ಮದ ಚೀಲ ತೇವ ಹೀರುತ್ತದೆ ಅಂತ ಅದರಲ್ಲಿ ಇಡುತ್ತಿರಲಿಲ್ಲ. ತೇವ ತಟ್ಟದ ಹಾಗೆ ಹುರಿದ ಅಕ್ಕಿಯ ಗಂಟಿನ ಜೊತೆ ಸ್ಟೀಲ್ ಡಬ್ಬಿಯಲ್ಲಿ ಅದರ ವಾಸ, ಆಗಾಗ ಬೆಳಗಿನ ಗಾಳಿ ಬೆಳಕು. ಆಯುಧಪೂಜೆಯ ದಿನ ಸೈಕಲ್ಲಿಗೂ ಈಳಿಗೆಮಣೆಗೂ ಕುಂಕುಮ, ಕ್ಯಾಮೆರಾಗೆ ಮಾತ್ರ ಒಂದೇ ಒಂದು ಸೇವಂತಿಗೆ. “ಪುಡಿ ಒಳಗೆ ಹೋದ್ರೆ ಅದರ ಕಣ್ಣು ಹೋಯ್ತದೆ ಕಣೇ” ಅಂತ ನನ್ನ ಕೈ ತಡೆಯುತ್ತಿದ್ದಿರಿ.

ನೀವು ಹೋದ ಮೇಲೆ ಕೈ ತಡೆಯುವವರು ಯಾರಿದ್ದರು? ವರ್ಷದ ಕಾರ್ಯ ಮುಗಿದು ಬಂದ ಆಯುಧಪೂಜೆಗೆ, ನನ್ನ ಹಣೆಯಲ್ಲಿಲ್ಲದ ಕುಂಕುಮವನ್ನೆಲ್ಲ ಅದಕ್ಕೆ ಮೆತ್ತಿದೆ. ರೇಷ್ಮೆ ವಸ್ತ್ರ ಸುತ್ತಿ, ಚರ್ಮದ ಚೀಲಕ್ಕೇ ಹಾಕಿ, ದೇವರ ಗೂಡಿನಲ್ಲಿಟ್ಟು ಕೈ ಮುಗಿದೆ. ಆಮೇಲೂ ಪ್ರತಿ ಹಬ್ಬಕ್ಕೆ ಚೀಲದ ಮೇಲೆ ಹೂವೇರಿಸಿದೆ, ತೆರೆಯಲಿಲ್ಲ. ತೆರೆದರೆ ಅಳು ಬರುತ್ತದೆ ಅಂತ.

ಈ ಶ್ರಾವಣದಲ್ಲಿ ಗೂಡು ತೊಳೆಯಲು ಚೀಲ ಇಳಿಸಿದಾಗ ಮುಗ್ಗಲು ವಾಸನೆ. ಬಿಚ್ಚಿ ನೋಡಿದರೆ ಲೆನ್ಸಿನ ಗಾಜಿನೊಳಗೆ ಉಪ್ಪಿನಕಾಯಿಗೆ ಹಿಡಿಯುವಂಥ ಬೂಷ್ಟು. ತಿರುಗಿಸಿದರೆ ಕುಂಕುಮ ಕರಕರ ಅಂದಿತು. ಅವತ್ತೇ ಹಾಸನಕ್ಕೆ ಓಡಿದೆ. “ಕ್ಯಾಮೆರಾ ಚೆನ್ನಾಗೈತೆ, ಲೆನ್ಸ್ ಹೋಗೈತೆ ಕಣಮ್ಮ. ಮುಚ್ಚಿಟ್ಟಿದ್ದಕ್ಕೇ ಹಿಂಗಾಗಿದ್ದು” ಅಂದ ರಿಪೇರಿಯವನು. ಪೂಜೆ ಮಾಡಿ ಮಾಡಿ ಹಾಳು ಮಾಡಿದೆನಲ್ಲ ರೀ! ನೀವು ಮಗುವಿನ ಹಾಗೆ ಕಾಪಾಡಿದ್ದನ್ನು ನಾನು... ಅಂಗಡಿಯಲ್ಲೇ ಅತ್ತುಬಿಟ್ಟೆ.

ಈಗೆಲ್ಲ ರೀಲಿಲ್ಲದ ಕ್ಯಾಮೆರಾ ಬಂದಿದೆ, ಹಳೆಯ ಲೆನ್ಸುಗಳು ಅವನ ಕಪಾಟಿನಲ್ಲಿ ರಾಶಿ ಬಿದ್ದಿದ್ದವು. ಇದಕ್ಕೆ ಯಾವುದು ಕೂರುತ್ತದಪ್ಪ ಅಂತ ಕೇಳಿದೆ. ಒಂದು ಗಿಡ್ಡ, ಒಂದು ಉದ್ದ ತಂದಿಟ್ಟ. “ಉದ್ದದ್ದು ಭಾರ ಕಣಮ್ಮ, ನಿಮಗ್ಯಾಕೆ?” ಅಂದ.

“ಅದನ್ನೇ ಹಾಕಪ್ಪ” ಅಂದು ಕೊರಳೊಡ್ಡಿದೆ.

ಕಳೆದ ಭಾನುವಾರ ಅದೇ ಬಸ್ಸಿನಲ್ಲಿ ಒಬ್ಬಳೇ ಬೇಲೂರಿಗೆ ಹೋದೆ. ಜಾವಗಲ್ ದಾಟುವಷ್ಟರಲ್ಲಿ ಕತ್ತು ಬಿದ್ದುಹೋಗಿತ್ತು. ರುಬ್ಬುಗುಂಡು ಅಂದ ಮಾತು ಸುಳ್ಳಲ್ಲ, ಅದನ್ನು ಈಗಲೂ ವಾಪಸ್ ತಗೊಳ್ಳುವುದಿಲ್ಲ. ಹೊರಬೇಕಿತ್ತು, ಅಷ್ಟೆ. ಸೂರಿನ ಕೆಳಗೆ ನಿಂತು, ನೀವು ಮಾಡುತ್ತಿದ್ದ ಹಾಗೇ ಮೊಣಕೈಗಳನ್ನು ಪಕ್ಕೆಗೆ ಒತ್ತಿ, ಉಸಿರು ಹಿಡಿದು, ನಿಧಾನಕ್ಕೆ ಲೆನ್ಸ್ ತಿರುಗಿಸಿದೆ. ಮೊದಲು ಬರೀ ಮಸುಕು. ಇಡೀ ರೀಲನ್ನು ಆ ಒಂದು ಜಾಗಕ್ಕೇ ಮುಗಿಸಿದ್ದೇನೆ. ನಿನ್ನೆ ಪ್ರಿಂಟು ಬಂತು. ಒಂದನ್ನು ದೊಡ್ಡದು ಮಾಡಿಸಿ ನಿಮ್ಮ ಸ್ಕೂಲಿಗೆ ಕೊಟ್ಟುಬರುತ್ತೇನೆ. ಕ್ಯಾಮೆರಾ ಇನ್ನು ದೇವರ ಗೂಡಿಗೆ ಹೋಗುವುದಿಲ್ಲ, ಅಕ್ಕಿ ಹುರಿದಿಟ್ಟಿದ್ದೇನೆ.

ಐತೆ ಕಣ್ರೀ. ಹಲ್ಲೀನೂ ಐತೆ, ನೊಣಾನೂ ಐತೆ.