ಅಮ್ಮ ಎದ್ದು ನಿಲ್ಲಬಾರದು

ಹದಿಮೂರನೇ ತಿಂಗಳ ಮೂವತ್ನಾಲ್ಕನೇ ತಾರೀಖು, ೨೧೯೩

ಪ್ರೀತಿಯ ಕುಮುದಜ್ಜಿಗೆ,

ತಾರೀಖು ತಪ್ಪಿಲ್ಲ. ನಮ್ಮ ಕಾಲದಲ್ಲಿ ಬೇಸಿಗೆಗೆ ಇನ್ನೊಂದು ತಿಂಗಳು ಸೇರಿಸಿದ್ದಾರೆ, ಅದು ಮುಗಿಯೋದೇ ಇಲ್ಲ. ನನ್ನ ಕನ್ನಡ ವಿಚಿತ್ರ ಅನ್ನಿಸಿದರೆ ಬೈಯಬೇಡಿ. ಚಿಕ್ಕಂದಿನಿಂದ ಹಾಸ್ಟೆಲ್, ಅಲ್ಲೆಲ್ಲ ಇಂಗ್ಲಿಷ್. ರಜೆಯಲ್ಲಿ ಅಮ್ಮನ ಜೊತೆ ಆಡಿದ ಮಾತಷ್ಟೇ ನನ್ನ ಕನ್ನಡ. ಈಗ ಕಾಲೇಜಿನಲ್ಲಿ ಫಸ್ಟ್ ಇಯರ್, ಬೇಸಿಗೆ ರಜೆಗೆ ಮನೆಗೆ ಬಂದಿದ್ದೇನೆ. ನೀವು ನನ್ನ ಅಜ್ಜಿಯ ಅಜ್ಜಿಗೆ ತಾಯಿ, ಆದರೆ ನೀವು ಇದನ್ನು ಓದುವಾಗ ನಿಮಗಿನ್ನೂ ಮಗಳು ಹುಟ್ಟಿರೋದಿಲ್ಲ. ಅದಕ್ಕೇ ನಿಮಗೆ ಬರೀತಿದ್ದೇನೆ. ನಮ್ಮ ಕಾಲೇಜಿನಲ್ಲಿ ಹಿಮ್ಮುಖ ಅಂಚೆ ಇದೆ, ಹಿಂದಿನ ಕಾಲದವರಿಗೆ ಕಾಗದ ಹಾಕೋ ಡಬ್ಬಿ. ತಲುಪುತ್ತೋ ಇಲ್ಲವೋ ಯಾರಿಗೂ ಗೊತ್ತಿಲ್ಲ.

ಅಮ್ಮನಿಗೆ ಉಪ್ಪುನರ. ಉಪ್ಪೇರಿದ ನೀರು ಕುಡಿದು ಕುಡಿದು ನರ ಸೋಲೋ ಕಾಯಿಲೆ. ಈ ಕಾಯಿಲೆಯವರು ನೋಡೋಕೆ ಚೆನ್ನಾಗೇ ಇರ್ತಾರೆ. ಸ್ವಲ್ಪ ನಿಂತು ಓಡಾಡಿದರೆ ಮಾತ್ರ ಆಮೇಲೆ ವಾರಗಟ್ಟಲೆ ಮಲಗಬೇಕು, ಚಮಚ ಹಿಡಿಯೋಕೂ ಆಗೋದಿಲ್ಲ. ಸೆಕೆ ತಡೆಯೋ ಶಕ್ತಿ ಇರೋದಿಲ್ಲ. ಇಂಥವರಿಗೆ ಸರ್ಕಾರ ಕೊಡೋ ನೆರವಿಗೆ ಆಸರೆಪಾಲು ಅಂತೀವಿ. ಅಮ್ಮನ ಪಾಲಿಗೆ ಬಂದಿರೋದು ಒಂದು ತಂಪುಕೋಣೆ. ಅದಿಲ್ಲದೆ ಈ ತಿಂಗಳು ದಾಟೋದು ಕಷ್ಟ ಅಂತ ಡಾಕ್ಟರ್ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದಾರೆ.

ಕಾಯಿಲೆ ಎಲ್ಲ ದೇಶದಲ್ಲೂ ಒಂದೇ, ಆಸರೆಪಾಲು ಮಾತ್ರ ಒಂದೊಂದು ಕಡೆ ಒಂದೊಂದು ಥರ. ನನ್ನ ರೂಮ್‌ಮೇಟ್ ಲೀನಿಯ ದೇಶದಲ್ಲಿ ಡಾಕ್ಟರ್ ಹೇಳಿದರೆ ಸಾಕು, ಮನೆಗೆ ಯಾರೂ ಬರೋದಿಲ್ಲ. ನಾವು ಮೊದಲಿದ್ದ ತೀರನಾಡಿನಲ್ಲಿ ಮನೆಗೆ ಬಂದು ನಿಮ್ಮ ಕೈಲಿ ಏನೇನಾಗುತ್ತೆ ತೋರಿಸಿ ಅಂತಿದ್ದರು. ಉಳಿದದ್ದನ್ನು ಸರ್ಕಾರ ನೋಡಿಕೊಳ್ತಿತ್ತು. ಎಷ್ಟು ಪ್ರಯತ್ನಪಟ್ಟರೆ ಅಷ್ಟು ಮರ್ಯಾದೆ. ಆ ಊರು ಸಮುದ್ರಕ್ಕೆ ಹೋಯಿತು, ನಾವು ಮೇಲ್ನಾಡಿಗೆ ಬಂದೆವು. ಇಲ್ಲಿ ನೋಟಗಾರರು ಬರ್ತಾರೆ. ನಿಮ್ಮ ಕೈಲಿ ಏನಾಗೋದಿಲ್ಲ ಅಂತ ನೋಡೋದು ಅವರ ಕೆಲಸ. ಏನಾದರೂ ಆಗೋದು ಕಂಡರೆ ಪಾಲು ಕಟ್.

ಮೊದಲ ಸಲ ಅವರು ಬರೋ ಮುಂಚೆಯೇ ನಾನು ಹೇಳಿದ್ದೆ, "ಅಮ್ಮಾ, ಇಲ್ಲಿನ ರೂಲ್ಸ್ ಬೇರೆ, ಪ್ಲೀಸ್ ಕೂತೇ ಇರು." ಅವಳು "ಮನೆಗೆ ಬಂದವರ ಮುಂದೆ ಕಾಲು ಚಾಚ್ಕೊಂಡು ಕೂರೋಕೆ ನಾನೇನು ಮಹಾರಾಣಿನಾ? ಹಾಸ್ಟೆಲಲ್ಲಿ ಇದನ್ನೇನಾ ಕಲಿಸಿದ್ದು?" ಅಂದಳು. ಬೆಳಿಗ್ಗೆಯೇ ನನ್ನ ಕೈಲಿ ತಲೆ ಬಾಚಿಸಿಕೊಂಡು ಗಂಜಿ ಹಾಕಿದ ಸೀರೆ ಉಟ್ಟಳು. ನೋಟಗಾರ ಫಕೀರಪ್ಪ ಸರ್ ಬಾಗಿಲಿಗೆ ಬಂದದ್ದೇ ತಡ, ಎದ್ದು ನಿಂತಳು. "ಬನ್ನಿ, ಬಿಸಿಲಲ್ಲಿ ಬಂದಿದ್ದೀರಿ" ಅಂತ ಗೋಡೆಯನ್ನೂ ಹಿಡಿಯದೆ ಅಡುಗೆಮನೆಗೆ ಹೋಗಿ ಪಾನಕ ತಂದಳು. ನಾನು ಇವಳಿಗೆ ಕಾಯಿಲೆ ಸರ್ ಅಂತ ಬಾಯಿ ತೆರೆದರೆ ಅವಳೇ ಕಣ್ಣು ಬಿಟ್ಟು ಸುಮ್ಮನಾಗಿಸಿದಳು. ಅವರು ಕುಡಿದು "ಚೆನ್ನಾಗಿದೆ ತಾಯಿ" ಅಂದರು. ಕೆಟ್ಟವರಲ್ಲ. ಕಂಡದ್ದನ್ನು ಬರೆದುಕೊಂಡು ಹೋದರು. ಅವರ ಗಾಡಿ ತಿರುವು ದಾಟಿದ ಮೇಲೆ ಅಮ್ಮ ಹೊಸ್ತಿಲ ಹತ್ತಿರವೇ ಕುಸಿದಳು. ಅದು ಯಾರಿಗೂ ಕಾಣಲಿಲ್ಲ. ಆಮೇಲೆ ವಾರಗಟ್ಟಲೆ ಮಲಗಿದ್ದಳು, ಈಗಷ್ಟೇ ಕುರ್ಚಿಯಲ್ಲಿ ಕೂರೋ ಹಾಗಾಗಿದ್ದಾಳೆ.

ಪಾಲು ಕಟ್ ಅಂತ ಆರ್ಡರ್ ಬಂತು. ನಾನು ಬೇಡಿಕೊಂಡದ್ದಕ್ಕೆ ನಾಳೆ ಇನ್ನೊಂದೇ ಸಲ ಬರ್ತಾರೆ. ನಾಳೆಯೂ ಅವಳು ನಿಂತುಬಿಟ್ಟರೆ ತಂಪುಕೋಣೆಗೆ ಬೀಗ. ಈಗ ಅಮ್ಮನಿಗೂ ಎಲ್ಲ ಅರ್ಥವಾಗಿದೆ, ಹೆದರಿದ್ದಾಳೆ. ನಾವು ಪ್ರಾಕ್ಟೀಸ್ ಮಾಡ್ತಿದ್ದೇವೆ. ನಾನು ಹೊರಗೆ ಹೋಗಿ ಫಕೀರಪ್ಪ ಸರ್ ಥರ ಕೆಮ್ಮಿ ಬಾಗಿಲು ತಟ್ತೇನೆ. ಪ್ರತಿ ಸಲವೂ ಅವಳ ಕೈ ಕುರ್ಚಿಯ ತೋಳು ಒತ್ತುತ್ತೆ, ಮೈ ಮೇಲೇಳುತ್ತೆ. "ಬೇಕೂಂತ ಅಲ್ಲ ಕಣೇ, ತಾನಾಗೇ ಏಳುತ್ತೆ" ಅಂತ ಅಳ್ತಾಳೆ.

ಇದು ಅವಳ ತಾಯಿ ಕಲಿಸಿದ್ದು, ಆ ತಾಯಿಗೆ ಅವಳ ತಾಯಿ. ಜ್ವರದಲ್ಲೂ ಪೋಸ್ಟ್‌ಮ್ಯಾನಿಗೆ ಎದ್ದು ನಿಂತು ನೀರು ಕೊಡ್ತಿದ್ದವರು ನೀವು ಅಂತ ನಮ್ಮ ಮನೆಯಲ್ಲಿ ಈಗಲೂ ಹೊಗಳ್ತಾರೆ. ಅಜ್ಜಿ, ನಿಮ್ಮನ್ನು ಬೇಡಿಕೊಳ್ತೇನೆ. ನಿಮಗೆ ಮಗಳು ಹುಟ್ಟಿ, ಅವಳು ಕಾಯಿಲೆ ಬಿದ್ದಾಗ ಮನೆಗೆ ಯಾರಾದರೂ ಬಂದರೆ, ಏಳೋಕೆ ಬಿಡಬೇಡಿ. ಭುಜ ಹಿಡಿದು ಕೂರಿಸಿ. ಬಂದವರು ಏನಂದುಕೊಂಡರೂ ಪರವಾಗಿಲ್ಲ ಅಂತ ಹೇಳಿಕೊಡಿ, ಅವಳೂ ಅವಳ ಮಗಳಿಗೆ ಹೇಳಲಿ.

ಈ ಕಾಗದ ನಿಮಗೆ ತಲುಪಿತೋ ಇಲ್ಲವೋ ನಾಳೆ ನನಗೆ ಗೊತ್ತಾಗುತ್ತೆ. ತಲುಪಿದ್ದರೆ, ಬಾಗಿಲು ತಟ್ಟಿದಾಗ ಅಮ್ಮ ಕೂತೇ ಇರ್ತಾಳೆ. ತಲುಪದಿದ್ದರೆ ಅಂತ, ನಾನು ಅವಳ ಪಕ್ಕದಲ್ಲೇ ಕೂತಿರ್ತೇನೆ, ಅವಳ ಸೆರಗಿನ ಮೇಲೆ.

ನಿಮ್ಮ
ತಾರಿಣಿ